ದಿಡ್ಡಿ ಬಾಗಿಲಿಗೆ ನೀರು ತಂದವಳು

ಗುರವ್ವನ ಕತೆಯನ್ನು ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ ರೀತಿ. ಸವದತ್ತಿ ಸೀಮೆಯ ಒಂದು ಗುಡ್ಡದ ಕೋಟೆಗೆ ವೈರಿಗಳು ಮುತ್ತಿಗೆ ಹಾಕಿದರು. (ಕೋಟೆಯ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆಯೇ ಫೋನುಗಳು ಶುರುವಾಗುತ್ತವೆ.) ಒಳಗಿನ ಹೊಂಡ ಬತ್ತಿತು, ಸೈನಿಕರ ನಾಲಿಗೆ ಒಣಗಿತು. ಆಗ ಹೂಲಿಯ ಗುರವ್ವನೆಂಬ ಹೆಣ್ಣುಮಗಳು ತುಂಬಿದ ಕೊಡ ಹೊತ್ತು ವೈರಿಗಳ ನಡುವೆಯೇ ಹಾದು ಹಿಂಬದಿಯ ದಿಡ್ಡಿ ಬಾಗಿಲಿಗೆ ಬಂದಳು. ಆ ಸಣ್ಣ ಬಾಗಿಲಿನಿಂದ ಒಳಗಿನವರಿಗೆ ನೀರು ಕೊಟ್ಟಳು. ಕೋಟೆ ಉಳಿಯಿತು, ಆಕೆ ಉಳಿಯಲಿಲ್ಲ.

ಒಳ್ಳೆಯದು. ಈಗ ನನ್ನ ತಕರಾರು ಕೇಳಿ. ತಲೆಯ ಮೇಲೆ ಕೊಡ ಹೊತ್ತ ಹೆಂಗಸನ್ನು ಸುಮ್ಮನೆ ಬಿಡುವ ಮುತ್ತಿಗೆ ಎಂಥ ಮುತ್ತಿಗೆ? ಒಂದು ಕೊಡದಲ್ಲಿ ಎಷ್ಟು ಜನರ ಬಾಯಾರಿಕೆ ಹಿಂಗುತ್ತದೆ? ಮತ್ತೆ, ಇದನ್ನು ನೋಡಿದವರು ಯಾರು? ನೋಡಿದವರು ವೈರಿಗಳಾದರೆ ನಮಗೆ ಯಾಕೆ ಹೇಳಿದರು? ನಮ್ಮವರಾದರೆ, ಎದ್ದು ಹೋಗಿ ಆಕೆಯ ಕೊಡಕ್ಕೆ ಒಂದು ಕೈ ಯಾಕೆ ಹಚ್ಚಲಿಲ್ಲ?

ಈ ಪ್ರಶ್ನೆಗಳನ್ನು ನಾನು ಮೊದಲು ಕೇಳಿದ್ದು ಬಸ್ಸಿನಲ್ಲಿ, ಯಾರೂ ಕೇಳದೆ ಇದ್ದರೂ ಗಟ್ಟಿಯಾಗಿ. ಬೈಲಹೊಂಗಲದಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಜೂನಿಯರ್ ಆಗಿರುವ ನಾನು, ಅವರ ಕಡತ ಹೊತ್ತು ಸವದತ್ತಿ ಕೋರ್ಟಿಗೆ ಹೋಗುವಾಗ ಕಿವಿಗೆ ಇತಿಹಾಸದ ಪಾಡ್‌ಕಾಸ್ಟ್ ಸಿಕ್ಕಿಸಿಕೊಳ್ಳುತ್ತೇನೆ. ಸಿಕ್ಕಿಸಿಕೊಳ್ಳುವುದು ಒಂದೇ ಕಿವಿಗೆ, ಇಯರ್‌ಫೋನಿನ ಇನ್ನೊಂದು ಬದಿ ಸತ್ತು ಬಹಳ ದಿನವಾಯಿತು. ಹೊಸದು ಕೊಳ್ಳಬಹುದು. ಆದರೆ ಒಂದು ಕಿವಿಯಲ್ಲಿ ಇತಿಹಾಸ, ಇನ್ನೊಂದರಲ್ಲಿ ಕಂಡಕ್ಟರ್, ಈ ವ್ಯವಸ್ಥೆಗೆ ನಾನು ಒಗ್ಗಿಬಿಟ್ಟಿದ್ದೇನೆ.

ಆ ಪಾಡ್‌ಕಾಸ್ಟನ್ನು ನಾಲ್ಕು ಜನ ಇತಿಹಾಸಕಾರರು ನಡೆಸುತ್ತಾರೆ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡಂತೆ ಕಾಲವನ್ನು ಹಂಚಿಕೊಂಡಿದ್ದಾರೆ. ಶಾಸನ, ಗುಡಿಗಳ ಕಾಲ ಒಬ್ಬ ಮೇಡಮ್ಮಿನದು. ಕೋಟೆ, ದೇಸಗತಿಗಳ ಕಾಲ ಧಾರವಾಡದ ಒಬ್ಬ ನಿವೃತ್ತ ಪ್ರೊಫೆಸರರದು. ಬ್ರಿಟಿಷರ ಕಾಲ ಇನ್ನೊಬ್ಬರದು. ಸ್ವಾತಂತ್ರ್ಯ ಬಂದ ಮೇಲಿನದು, ಅಣೆಕಟ್ಟು ಮುಳುಗಡೆಗಳದು, ಎಲ್ಲರಿಗಿಂತ ಕಿರಿಯರಾದ ಮತ್ತೊಬ್ಬ ಮೇಡಮ್ಮಿನದು. ಒಬ್ಬರ ಬದುವಿನೊಳಗೆ ಇನ್ನೊಬ್ಬರು ಕಾಲಿಟ್ಟರೆ ಅವರ ದನಿಯಲ್ಲಿ ಬರುವ ಅತಿವಿನಯ ಕೇಳಲೆಂದೇ ನಾನು ಕೆಲವು ಸಂಚಿಕೆಗಳನ್ನು ಎರಡು ಸಲ ಕೇಳಿದ್ದೇನೆ. ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲಿ ಕೇಳುವುದು ನನ್ನ ರೂಢಿ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವರಿಗೆ ಎದುರಿನವರು ಮಾತು ಮುಗಿಸುವುದೇ ಒಂದು ಅಡಚಣೆ.

ಪ್ರೊಫೆಸರರು ಗುರವ್ವನ ಸಂಚಿಕೆ ಮಾಡಿದ ದಿನ ಬಸ್ಸು ಮುನವಳ್ಳಿ ದಾಟಿ ನವಿಲುತೀರ್ಥದ ನೀರು ಕಾಣುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು. ಸಂಚಿಕೆಯನ್ನು ಅರ್ಧಕ್ಕೆ ನಿಲ್ಲಿಸಿ, ಕೆಳಗೆ ಎಲ್ಲರೂ ಓದುವ ಜಾಗದಲ್ಲಿ ಬರೆದೆ: “ಆಧಾರವೇನು? ಬರೀ ಹಾಡು ಸಾಕ್ಷಿಯಾಗುತ್ತದೆಯೇ? ಹಾಡಿದವರನ್ನು ಯಾರಾದರೂ ಪಾಟೀಸವಾಲು ಮಾಡಿದ್ದಾರೆಯೇ?”

ಕಂಡಕ್ಟರ್ ಬಗ್ಗಿ ನೋಡಿದ. “ಯಾರ ಜೋಡಿ ಜಗಳ್ರಿ ವಕೀಲ್ರ?”

“ಇತಿಹಾಸದ ಜೋಡಿ.”

“ಅದು ಸವದತ್ತಿಗೆ ಇಳೀತದೋ, ಮುಂದ ಹೋಗ್ತದೋ?”

ಸಂಜೆ ಪ್ರೊಫೆಸರರ ಉತ್ತರ ಬಂತು, ಎಲ್ಲರ ಎದುರಿಗೇ. “ನಾನು ‘ಎನ್ನುತ್ತಾರೆ’ ಎಂದು ಹೇಳಿದ್ದೇನೆ, ದಯವಿಟ್ಟು ಇನ್ನೊಮ್ಮೆ ಕೇಳಿರಿ. ಸಂಚಿಕೆಯ ಕೊನೆಗೆ ಹಾಡಿದವರ ದನಿಯೂ ಇದೆ. ಯಾರೋ ಆಸಕ್ತರು ಹಿಂದೆ ಸಾಲಹಳ್ಳಿಯಲ್ಲಿ ಟೇಪಿಗೆ ಹಿಡಿದದ್ದು. ಬೈಲಹೊಂಗಲ ಕಡೆಯ ಸಾವಕ್ಕ ಎಂದಷ್ಟೇ ಗೊತ್ತು. ಅವರು ಇದ್ದರೆ ನಾನೇ ಬಂದು ಕೇಳಲು ಸಿದ್ಧ.”

ಸಾವಕ್ಕ ನಮ್ಮ ಆಯಿ, ನಮ್ಮಪ್ಪನ ತಾಯಿ.

ಆಯಿ ಹಾಡುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ ಎಂದಲ್ಲ. ರಾಮದುರ್ಗದ ಸಂತೆಯಲ್ಲಿ ಈಗಲೂ ವಯಸ್ಸಾದ ಹೆಂಗಸರು ಆಕೆಯ ಕೈ ಹಿಡಿದು, “ಗುರವ್ವನ ಸಾವಕ್ಕ ಅಲ್ಲೇನವಾ ನೀ?” ಎಂದು ಕೇಳುತ್ತಾರೆ. ಆಗ ಆಯಿ ಸೆರಗು ಸರಿ ಮಾಡಿಕೊಳ್ಳುವ ರೀತಿಯನ್ನು ನೀವು ನೋಡಬೇಕು. ಗುರವ್ವ ಹಳೆಯ ಕತೆ, ಆಯಿ ಅದನ್ನು ಹಾಡಿದವಳು, ಇಷ್ಟೇ ನನ್ನ ತಿಳಿವಳಿಕೆ.

ಆಯಿಯದು ನಾಗೇಶಿ ಪಕ್ಷ. ಹರದೇಶಿ–ನಾಗೇಶಿ ಎಂದರೆ ಹಾಡಿನಲ್ಲೇ ನಡೆಯುವ ವಾದ. ಗಂಡು ಹೆಚ್ಚು ಎಂದು ಹರದೇಶಿ ಮೇಳ, ಹೆಣ್ಣು ಹೆಚ್ಚು ಎಂದು ನಾಗೇಶಿ ಮೇಳ. ಅವರು ಕೈಯಲ್ಲಿನ ಚರ್ಮವಾದ್ಯ ದಪ್ಪು ಬಡಿದು ಪ್ರಶ್ನೆ ಹಾಕಿದರೆ, ಇವರು ದಪ್ಪಿನ ಪೆಟ್ಟು ನಿಲ್ಲುವುದರೊಳಗೆ ಪದ ಕಟ್ಟಿ ಉತ್ತರ ಕೊಡಬೇಕು. ತಡವರಿಸಿದರೆ ಸೋತಂತೆ. ಕಡೆಗೆ ಎರಡೂ ಮೇಳದವರು ಕೂಡಿ ಮಂಗಳ ಹಾಡಿ ಏಳುತ್ತಾರೆ. ನಮ್ಮ ಮನೆಯಲ್ಲಿ ವಾದ ಮಾಡಿದ ಮೊದಲನೆಯವಳು ನಾನೇ ಎಂದು ಬಹಳ ಕಾಲ ನಂಬಿದ್ದೆ. ಅದಕ್ಕೆ ಪುರಾವೆಯಾಗಿ ಕಿತ್ತೂರಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಸ್ಟೀಲ್ ಡಬ್ಬಿಯನ್ನು ತೋರಿಸುತ್ತಿದ್ದೆ. ಆಯಿ ಆ ಡಬ್ಬಿಗೆ ಶೇಂಗಾ ಚಟ್ನಿ ತುಂಬಿಬಿಟ್ಟಳು. ನನ್ನ ಕೀರ್ತಿ ಇವತ್ತಿಗೂ ಬೆಳ್ಳುಳ್ಳಿ ನಾರುತ್ತದೆ.

ಆ ಸ್ಪರ್ಧೆಗೆ ನನ್ನನ್ನು ತಯಾರು ಮಾಡಿದವಳೂ ಆಯಿಯೇ. ನಾನಿನ್ನೂ ಸಾಲಿಗೆ ಹೋಗುವ ಹುಡುಗಿ. ಪಡಸಾಲೆಯಲ್ಲಿ ಇಬ್ಬರೂ ಶೇಂಗಾ ಸುಲಿಯುತ್ತಿದ್ದೆವು. ಎದುರಿನವರು ಆಧಾರ ಕೇಳಿದರೆ ಏನು ಮಾಡಲಿ ಎಂದು ಕೇಳಿದೆ.

“ಆಧಾರ ಹುಡುಕಾಕ ಹೋಗಬ್ಯಾಡ ಸುಜ್ಜಿ. ಹುಡುಕೂದ್ರಾಗ ಹೊತ್ತ ಹೋಗ್ತೈತಿ. ಒಂದ ಹೆಸರ ಹೇಳು, ಒಂದ ಊರ ಹೇಳು. ಹೆಸರಿಗೆ ಊರ ಕೂಡಿದ್ರ ಮಂದಿ ಸುಮ್ಮಾಗ್ತಾರ.”

“ನೀ ಹಂಗ ಮಾಡಿದ್ದೇನು?”

“ಸಾಲಹಳ್ಯಾಗ ಹರದೇಶಿ ಮೇಳದ ಫಕೀರಪ್ಪ ನನ್ನ ಕಟ್ಟಿ ಹಾಕಿದ್ದಾ. ಕೋಟಿ ಕಾದ ಹೆಣ್ಣ ಯಾರು, ಹೆಸರ ಹೇಳ, ಊರ ಹೇಳ ಅಂದಾ. ಬೆಳಕ ಹರಿದಿತ್ತು. ಗಂಟಲ ಒಣಗಿ ಕಟಗಿ ಆಗಿತ್ತು. ಹೂಲಿ ಕಡಿಂದ ಶೇಂಗಾ ಕೀಳಾಕ ಬಂದ ಮಂದಿ ಅತ್ತಾಗ ದೂರ ಕುಂತಿತ್ತು. ಅದರಾಗಿಂದ ಒಬ್ಬಾಕಿ ಎದ್ದ ಬಂದು ನೀರ ಕೊಟ್ಲು. ಕುಡದ್ನಿ. ಪದ ಬಾಯಾಗ ಬಂತು.”

“ಆಮ್ಯಾಲ?”

“ಆಮ್ಯಾಲೇನು, ಫಕೀರಪ್ಪ ದಪ್ಪ ಕೆಳಗಿಟ್ಟಾ.”

ಸಾಲಿ ಹುಡುಗಿಗೆ ಗೆದ್ದ ಸುದ್ದಿ ಸಾಕಿತ್ತು. ಹೂಲಿಯ ಮಂದಿ ಯಾಕೆ ದೂರ ಕುಳಿತಿತ್ತು ಎಂದು ನಾನು ಕೇಳಲಿಲ್ಲ. ಕೈಗೆ ಬಂದ ಶೇಂಗಾದ ಕಾಳು ಬಾಯಿಗೆ ಹಾಕಿಕೊಂಡೆ.

ಪ್ರೊಫೆಸರರ ಉತ್ತರ ಓದಿದ ಮೇಲೆ ಸಂಚಿಕೆಯ ಕೊನೆಯ ಭಾಗವನ್ನು ಕೇಳಿದೆ, ಒಂದೂವರೆ ಪಟ್ಟಿನಲ್ಲಲ್ಲ, ನಿಧಾನವಾಗಿ. ಮೊದಲು ಫಕೀರಪ್ಪಜ್ಜನ ದನಿ, ಗಂಡು ದನಿ, ಕೆಣಕುವ ದನಿ: ಹೆಸರ ಹೇಳ, ಊರ ಹೇಳ. ಆಮೇಲೆ ದಪ್ಪು, ಬರೀ ದಪ್ಪು. ಹಾಡಿಲ್ಲ. ಎಷ್ಟೋ ವರ್ಷದ ಹಿಂದಿನ ವಾದದಲ್ಲಿ ನಮ್ಮ ಆಯಿ ಸೋಲುತ್ತಿದ್ದಾಳೆ, ನಾನು ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಏನೂ ಮಾಡಲಾರೆ. ಆಗ ಪಾತ್ರೆಯ ಸಪ್ಪಳ. ಜನರ ಗುಜುಗುಜು. ಅದರ ನಡುವೆ ಯಾರೋ ಗಂಡಸು, ಹತ್ತಿರದಿಂದಲೇ, “ಏ ಸಾವಕ್ಕ, ಆಕಿ ಕೈಯಾಂದ ಕುಡೀಬ್ಯಾಡ.” ಗುಟುಕು ಗುಟುಕಾಗಿ ನೀರು ಕುಡಿಯುವ ಸದ್ದು. ಆಮೇಲೆ ನನಗಿಂತಲೂ ಚಿಕ್ಕವಳೆನ್ನಿಸುವ ಒಂದು ದನಿ ಸೀಳಿಕೊಂಡು ಬಂತು:

ಹೂಲಿಯ ಗುರವ್ವ ತುಂಬಿದ ಕೊಡ ಹೊತ್ತ
ದಿಡ್ಡಿ ಬಾಗಿಲಕ ಬಂದಾಳ,
ಮುಟ್ಟಬ್ಯಾಡಂದ ಮಂದಿಯ ಬಾಯಿಗೆ
ಮೊದಲ ನೀರ ತಾ ಎರೆದಾಳ.

ಮೂರನೆಯ ಸಾಲನ್ನು ಇವತ್ತು ಯಾರೂ ಹಾಡುವುದಿಲ್ಲ. ಈಗಿನ ಹಾಡಿನಲ್ಲಿ ಅಲ್ಲಿ “ಮುತ್ತಿಗೆ ಹಾಕಿದ ಮಂದಿಯ ಕಣ್ತಪ್ಪಿಸಿ” ಎಂದು ಬರುತ್ತದೆ. ಪ್ರೊಫೆಸರರು ಹೇಳಿದ ಕತೆಯೂ ಅದೇ.

ನನಗೆ ಸಂತೋಷವಾಗಬೇಕಿತ್ತು. ನನ್ನ ತಕರಾರು ಗೆದ್ದಿತ್ತು. ಮುತ್ತಿಗೆ ಇಲ್ಲ, ಕೋಟೆಯ ಗುರವ್ವ ಇಲ್ಲ, ಆಯಿ ಆ ಹೊತ್ತಿಗೆ ಕಟ್ಟಿದ್ದು. ಆದರೆ ಪ್ರೊಫೆಸರರು ಬರುತ್ತೇನೆಂದು ಎಲ್ಲರೆದುರು ಬರೆದುಬಿಟ್ಟಿದ್ದರು. ಬಂದು ಕೇಳುತ್ತಾರೆ. ಆಯಿ “ಇದ್ದಳು” ಎಂದರೆ ಸುಳ್ಳು. “ಇರಲಿಲ್ಲ” ಎಂದರೆ ಗುರವ್ವನ ಸಾವಕ್ಕ, ಈ ವಯಸ್ಸಿನಲ್ಲಿ, ಸುಳ್ಳಿನ ಸಾವಕ್ಕ ಆಗುತ್ತಾಳೆ. ಇದನ್ನೆಲ್ಲ ಮನೆಯ ಬಾಗಿಲಿಗೆ ಕರೆದು ತಂದದ್ದು ನನ್ನ ಒಂದೂವರೆ ಪಟ್ಟು ವೇಗದ ನಾಲಿಗೆ. ನಾನು ತಡೆಯಲು ನೋಡಿದೆ. ಆಯಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಬರೆಯಲೇ ಎಂದು ಅವಳನ್ನೇ ಕೇಳಿದೆ.

“ಯಾರಿಗೆ ಹುಷಾರಿಲ್ಲ? ಬರ್ಲಿ. ಧಾರವಾಡದಾವ್ರು ಮನಿ ಮಟ ಬರಾಕತ್ತಾರು, ಬ್ಯಾಡ ಅಂತಿಯಲ್ಲ ಖೋಡಿ.”

ಅವರು ಬಂದರು. ಬರುವಾಗ ಕಾರಿನಲ್ಲಿ ಸಾಲಹಳ್ಳಿಯಿಂದ ಫಕೀರಪ್ಪಜ್ಜನನ್ನೂ ಕರೆದುಕೊಂಡು ಬಂದರು. ಇದನ್ನು ನಾನು ಎಣಿಸಿರಲಿಲ್ಲ. ವಾದಿ ಪ್ರತಿವಾದಿ ಇಬ್ಬರನ್ನೂ ಒಂದೇ ಮಂಚದ ಮೇಲೆ ಕೂರಿಸಿದಂತಾಯಿತು. ರುಮಾಲು ಸುತ್ತಿದ ಅಜ್ಜ ಹೊಸ್ತಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿದ.

“ಏನ್ ಸಾವಕ್ಕ, ಇನ್ನೂ ಅದೀ?”

“ನಿನ್ನ ಮಂಗಳ ಹಾಡೂತನಕ ನಾ ಎಲ್ಲಿ ಹೋಗ್ಲಿ? ಬಾ, ಕುಂಡ್ರು. ಹಲ್ಲ ಅದಾವಿಲ್ಲೊ?”

“ಹಲ್ಲಿಲ್ಲದ ಹಾಡಿದ್ರೂ ನಿನಗ ಸಾಕಷ್ಟಾತು.”

ಅವ್ವ ಚಹಾ ಕೊಟ್ಟು ಅಡಿಗೆಮನೆಗೆ ಹೋದಳು. ಕುಕ್ಕರ್ ಇಡಬೇಡ ಎಂದು ನಾನು ಮೊದಲೇ ಹೇಳಿದ್ದೆ. ಸದ್ದಾಗುತ್ತದೆಂದು ಫ್ಯಾನನ್ನೂ ಆರಿಸಿದೆವು. ಬೈಲಹೊಂಗಲದ ಬಿಸಿಲಿಗೆ ಫ್ಯಾನ್ ಆರಿಸಿ ಕೂತರೆ ಸತ್ಯ ತಾನಾಗಿಯೇ ಹೊರಗೆ ಬರಬೇಕು, ಆದರೆ ಮೊದಲು ಬಂದದ್ದು ಬೆವರು. ಮೈಕಿನ ಕಾಲು ಗಿಡ್ಡವಾಗಿತ್ತು. ಅದನ್ನು ಎತ್ತರಿಸಲು ಏನಾದರೂ ಬೇಕೆಂದಾಗ ಆಯಿ ನನ್ನ ಕಿತ್ತೂರಿನ ಡಬ್ಬಿಯನ್ನು ಚಟ್ನಿ ಸಮೇತ ತಂದಿಟ್ಟಳು. ಮೈಕಿನ ಕೆಂಪು ದೀಪ ಹತ್ತಿತು.

ಪ್ರೊಫೆಸರರು ಮೃದು ಮನುಷ್ಯ. ಪಾಟೀಸವಾಲು ಹೇಗೆ ಮಾಡಬೇಕೆಂದು ನಮ್ಮ ಕೋರ್ಟಿನವರು ಅವರನ್ನು ನೋಡಿ ಕಲಿಯಬೇಕು. ಮೇಳದ ಬಗ್ಗೆ ಕೇಳಿದರು, ದಪ್ಪಿಗೆ ಯಾವ ಚರ್ಮ ಎಂದು ಕೇಳಿದರು, ಇಬ್ಬರನ್ನೂ ನಗಿಸಿದರು. ಆಮೇಲೆ ದನಿ ಏರಿಸದೆ ಅಜ್ಜನ ಕಡೆ ತಿರುಗಿದರು.

“ಅಜ್ಜಾರ, ಒಂದ ಮಾತು. ಆ ದಿನಕಿನ ಮೊದಲ ಗುರವ್ವನ ಹೆಸರು ನೀವು ಎಲ್ಲಾದರೂ ಕೇಳಿದ್ದದ ಏನ್ರಿ?”

ಅಜ್ಜ ಬಸಿಯಲ್ಲಿ ಉಳಿದ ಚಹಾವನ್ನು ನೋಡಿದ. ನಾನು ಅವನ ಬಾಯಿಯನ್ನೇ ನೋಡುತ್ತಿದ್ದೆ. ಸೋತವನಿಗೆ ಇಷ್ಟು ವರ್ಷದ ಮೇಲೆ ಇಂಥ ಅವಕಾಶ ಸಿಕ್ಕಿದೆ. ಇಲ್ಲ ಎಂಬ ಒಂದೇ ಮಾತು ಸಾಕು.

“ಅದನ್ನ ಕೇಳಬ್ಯಾಡ್ರಿ ಸಾಹೇಬ್ರ” ಎಂದ ಕಡೆಗೆ. “ಅವತ್ತ ನಾವು ಕೂಡಿ ಮಂಗಳ ಹಾಡೇವಿ. ಮಂಗಳ ಹಾಡಿದ ಮ್ಯಾಲ ಹಾಡಿನ್ಯಾಗಿಂದ ಮಾತ ಎತ್ತೂದಿಲ್ಲ. ಅದು ನಮ್ಮ ಮೇಳದ ಕಟ್ಟು.”

“ಈಗೇನು ಹಾಡಿಕಿ ನಡದಿಲ್ಲಲ್ರಿ?”

“ನಡದಿಲ್ಲರಿ. ಅದಕ್ಕ ಎತ್ತೂದಿಲ್ಲ ಅನ್ನಾಕತ್ತೇನಿ.”

ಪ್ರೊಫೆಸರರು ಆಯಿಯತ್ತ ತಿರುಗಿದರು.

“ಅವಾ ಹೇಳಿದ್ನಲ್ರೀ” ಎಂದಳು ಆಯಿ.

ನನಗೆ ಉಸಿರು ಬಂತು. ನಾನು ಇಂಥ ನಿಯಮವೊಂದನ್ನು ಯಾವ ಚರ್ಚಾಸ್ಪರ್ಧೆಯಲ್ಲೂ ಕಂಡಿಲ್ಲ. ನಾವು ಬಹುಮಾನ ತೆಗೆದುಕೊಂಡು ಕೆಳಗಿಳಿದ ಮೇಲೂ ಊಟದ ಸಾಲಿನಲ್ಲಿ ನಿಂತು ವಾದಿಸುತ್ತೇವೆ. ಇನ್ನೇನು ಅವರು ಮೈಕು ಎತ್ತುತ್ತಾರೆ, ನಾನು ಫ್ಯಾನ್ ಹಾಕುತ್ತೇನೆ ಎಂದುಕೊಂಡೆ.

ಪ್ರೊಫೆಸರರು ಮೈಕು ಎತ್ತಲಿಲ್ಲ. “ನಿಮ್ಮ ಕಟ್ಟಿಗೆ ನಾ ಕೈ ಹಚ್ಚೂದಿಲ್ಲರಿ. ಆದರ ನನ್ನ ತೊಡಕು ಕೇಳ್ರಿ. ಆ ದಿಡ್ಡಿ ಬಾಗಿಲಿಗೆ ಈಗ ಹೆಣ್ಣುಮಕ್ಕಳು ಹಸಿರು ಬಳಿ ಏರಸ್ತಾರ. ಸಂಚಿಕಿ ಕೇಳಿದ ಮ್ಯಾಲ ಹೂಲಿಯ ಒಂದು ದೊಡ್ಡ ಮನಿತನದವ್ರು ಫೋನ್ ಮಾಡಿದ್ರು. ಗುರವ್ವ ನಮ್ಮ ಮನಿ ಮಗಳು, ನಮ್ಮ ಹಿರ್ಯಾರು ಹೇಳತಿದ್ರು ಅಂತ. ಅಲ್ಲಿ ಆಕಿದೊಂದು ಕಲ್ಲು ನಿಲ್ಲಸ್ತಾರಂತ, ಮನಿತನದ ಹೆಸರು ಹಾಕಿ. ಮುಂದಿನ ಸಂಚಿಕ್ಯಾಗ ನಾ ಅವರದು ಹೌದು ಅನ್ನಬೇಕೊ, ಅಲ್ಲ ಅನ್ನಬೇಕೊ?”

ಆಯಿಯ ಕೈ ಸೆರಗಿನ ಮೇಲೆ ನಿಂತುಬಿಟ್ಟಿತು.

“ಯಾರ ಮನಿ?”

ಅವರು ಮನೆತನದ ಹೆಸರು ಹೇಳಿದರು.

“ಆ ಮನಿ ಮಗಳಂತೇನು ಗುರವ್ವ?” ಆಯಿ ನಕ್ಕಳು. ಆ ನಗು ನನಗೆ ಹೊಸದು, ಅದರಲ್ಲಿ ನಗೆ ಇರಲಿಲ್ಲ. “ಕೇಳಿದೇನೋ ಫಕೀರಾ?”

ಅಜ್ಜ ತಲೆ ಎತ್ತಲಿಲ್ಲ. “ಕೇಳಿದ್ನಿ.”

“ಆ ಮನ್ಯಾವ್ರು ಅವತ್ತ ಎಲ್ಲಿ ಕುಂತಿದ್ರು?”

“ಮುಂದ ಕುಂತಿದ್ರು. ಸುಮ್ನಿರು ಸಾವಕ್ಕ. ಮಂಗಳ ಹಾಡೇವಿ.”

ಆಯಿಯ ಬಾಯಿ ತೆರೆಯಿತು, ಮುಚ್ಚಿತು. ಟೇಪಿನಲ್ಲಿ ದಪ್ಪು ಮಾತ್ರ ಬಡಿಯುತ್ತಿದ್ದ ಆ ಹೊತ್ತು ನಮ್ಮ ಪಡಸಾಲೆಗೆ ಬಂದು ಕುಳಿತಂತಿತ್ತು. ಈ ಸಲ ದಪ್ಪೂ ಇರಲಿಲ್ಲ. ಹೊರಗೆ ಯಾವುದೋ ಟ್ರ್ಯಾಕ್ಟರ್ ಹೋಯಿತು, ಪ್ರೊಫೆಸರರು ಅದು ದೂರವಾಗುವವರೆಗೆ ಕಾದರು. ಆಮೇಲೆ ನನ್ನ ಕಡೆ ನೋಡಿದರು.

“ಆಧಾರ ಕೇಳಿದಾವ್ರು ನೀವು. ಇಬ್ಬರೂ ಹಿರಿಯರು ಹಿಂಗ ಅಂದ್ರು. ನಿಮ್ಮ ಸಮಾಧಾನ ಆತೇನ್ರಿ?”

ಮೈಕು ನನ್ನ ಡಬ್ಬಿಯ ಮೇಲೆ ನನ್ನತ್ತ ತಿರುಗಿತು.

ವಾದದಲ್ಲಿ ನನಗೆ ಕಲಿಸಿದ್ದು ಎರಡೇ ಪಕ್ಷ. ಪರ, ವಿರೋಧ. ಕಟ್ಟಿದ ಕತೆ ಎಂದರೆ ಮಾತು ಸರಿ, ಆದರೆ ರಾಮದುರ್ಗದ ಸಂತೆಯಲ್ಲಿ ಇನ್ನು ಯಾರೂ ಆಯಿಯ ಕೈ ಹಿಡಿಯುವುದಿಲ್ಲ. ಸಮಾಧಾನ ಆಯಿತು ಎಂದರೆ ಆಯಿ ಉಳಿಯುತ್ತಾಳೆ, ಆದರೆ ಮುಂದಿನ ವರ್ಷ ಆ ದಿಡ್ಡಿ ಬಾಗಿಲಲ್ಲಿ ಒಂದು ಕಲ್ಲು ನಿಲ್ಲುತ್ತದೆ, ಆ ಕಲ್ಲಿನ ಮೇಲೆ ಮುಂದೆ ಕುಳಿತವರ ಹೆಸರು. ದೂರ ಕುಳಿತಿದ್ದ ಮಂದಿಯ ನಡುವಿನಿಂದ ಎದ್ದು, ಎಲ್ಲರ ಕಣ್ಣೆದುರು ಹಾದು, ಒಣಗಿದ ಗಂಟಲಿಗೆ ನೀರು ತಂದವಳು ಒಬ್ಬಳಿದ್ದಳು. ಮುತ್ತಿಗೆಯೂ ಇತ್ತು. ಒಂದು ಕೊಡ ಬೇಕಾಗಿರಲಿಲ್ಲ, ಒಂದು ತಂಬಿಗೆ ಸಾಕಿತ್ತು. ಬಸ್ಸಿನಲ್ಲಿ ನಾನು ಕೇಳಿದ ಒಂದೊಂದು ತಕರಾರಿಗೂ ಸಾಲಹಳ್ಳಿಯಲ್ಲಿ ಉತ್ತರವಿತ್ತು, ನಾನು ಮಾತ್ರ ಅದನ್ನು ಕೋಟೆಯಲ್ಲಿ ಹುಡುಕುತ್ತಿದ್ದೆ.

ಅಜ್ಜ ನನ್ನನ್ನು ನೋಡಿ, ಬೇಡ ಎಂಬಂತೆ ಸಣ್ಣಗೆ ತಲೆ ಆಡಿಸಿದ. ಅವನ ಮಾತು ಸರಿಯೇ. ಆದರೆ ಮಂಗಳ ಹಾಡಿದವರು ಅವರಿಬ್ಬರು. ನಾನು ಹಾಡಿಲ್ಲ.

ಪ್ರೊಫೆಸರರಿಗೆ ಉತ್ತರ ಕೊಡದೆ, ಮೈಕನ್ನು ಡಬ್ಬಿಯ ಸಮೇತ ಆಯಿಯ ಕಡೆ ತಿರುಗಿಸಿದೆ. ಬೆಳ್ಳುಳ್ಳಿಯ ವಾಸನೆ ಎದ್ದಿತು. ಆಯಿ ನನ್ನನ್ನು ನೋಡಿದಳು, ಮೊಮ್ಮಗಳನ್ನು ನೋಡುವಂತೆ ಅಲ್ಲ, ಎದುರು ಮೇಳದಲ್ಲಿ ಎದ್ದು ನಿಂತವಳನ್ನು ನೋಡುವಂತೆ. ಕೆಂಪು ದೀಪ ಉರಿಯುತ್ತಲೇ ಇತ್ತು.

“ಆಯಿ, ಕೋಟಿ ಮಾತ ಬಿಡು. ಅವತ್ತ ಸಾಲಹಳ್ಯಾಗ ನಿನಗ ನೀರ ಕೊಟ್ಟಾಕಿ ಹೆಸರೇನಿತ್ತು?”